ಮೂರನೇ ಮೆಟ್ಟಿಲ ಮೇಲಿನ ಬಿಳಿ ದಾರದ ಕಟ್ಟು

ಹೆಸರು: ವೀರಭದ್ರಮ್ಮ, ಗಂಡ ದಿವಂಗತ ಮರಿಬಸಪ್ಪ. ವಯಸ್ಸು: ೬೪ ವರ್ಷ. ಉದ್ಯೋಗ: ಮನೆಗೆಲಸ. ವಿದ್ಯಾಭ್ಯಾಸ: ನಾಲ್ಕನೇ ತರಗತಿ. ವಾಸ: ಪಾರ್ವತಿನಗರ, ಬಳ್ಳಾರಿ.

ನಾನು ಈ ದಿನ ದಿನಾಂಕ ೧೪-೧೧-೨೦೨೫ರಂದು ಬೆಳಿಗ್ಗೆ ೯-೧೫ ಗಂಟೆಗೆ ಠಾಣೆಗೆ ಖುದ್ದಾಗಿ ಹಾಜರಾಗಿ, ನನ್ನ ಮೇಲೆ ನಾನೇ ಕೊಡುತ್ತಿರುವ ಈ ಹೇಳಿಕೆಯ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದ ಸ್ವಂತ ಮನೆಯಲ್ಲಿ ಕೆಳಗಡೆ ವಾಸವಾಗಿರುತ್ತೇನೆ. ಮಹಡಿಯಲ್ಲಿ ಜೂನ್ ೨೦೨೩ರಿಂದ ಕಿಯೊಮಿ ಎಂಬ ಜಪಾನ್ ದೇಶದ ಹೆಣ್ಣುಮಗಳು, ವಯಸ್ಸು ೩೬, ಬಾಡಿಗೆಗೆ ಇದ್ದಾಳೆ. ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳ ನೀರಿನ ಬಗ್ಗೆ ಅಧ್ಯಯನ ಮಾಡಲು ಬಂದವಳು. ನನ್ನ ತವರು ರಾರಾವಿ. ಅಲ್ಲಿ ನನ್ನ ಅಣ್ಣನ ಮಗಳು ನೇತ್ರಾ ಪರಿಚಯವಾಗಿ, ಆಕೆಯೇ ನಮ್ಮ ಮನೆ ತೋರಿಸಿದ್ದು. ನಮ್ಮ ಮನೆಗೆ ಬರುವ ಮೊದಲೇ ಅಲ್ಲಿ ನಾಟಿ ಹಚ್ಚುವ ಹೆಂಗಸರ ಹತ್ತಿರ ಕನ್ನಡ ಕಲಿತದ್ದರಿಂದ ಕಿಯೊಮಿಯು ನಮ್ಮ ಹಾಗೆಯೇ ಐತಿ, ಹೋಗಾಕ ಎಂದು ಮಾತನಾಡುತ್ತಾಳೆ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಗಾದಿಲಿಂಗ ಅವರು ಬಾಡಿಗೆದಾರರು, ಅವರು, ಇವರು ಎಂದು ಬಹುವಚನ ಹಾಕಲು ಹೊರಟಿದ್ದರು. ಬೇಡ, ಆಕೆ, ಈಕೆ ಎಂದು ಏಕವಚನದಲ್ಲೇ ಬರೆಯಿರಿ ಎಂದು ನಾನೇ ಹೇಳಿರುತ್ತೇನೆ.

ಬಂದ ಮೊದಲ ವಾರ ಈಕೆ ಬಾಳೆಹಣ್ಣಿನ ಸಿಪ್ಪೆಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದಳು. ಐದನೇ ದಿನ ಕೆಳಗೆ ಬಂದು, "ಅಮ್ಮಾ, ಇಲ್ಲಿ ಕಸ ಯಾವ ವಾರ ಒಯ್ತಾರ್ರಿ?" ಎಂದು ಕೇಳಿದಳು. ಕಸಕ್ಕೆ ವಾರ ಯಾತಕ್ಕೆ ಬೇಕು, ಹಿತ್ತಲಿದೆ, ಬೆಂಕಿಪೆಟ್ಟಿಗೆ ಇದೆ ಎಂದು ನಾನು ಹೇಳಿರುತ್ತೇನೆ. ಬೀದಿಗೆ ಕಸದ ಗಾಡಿ ಬರುತ್ತಿದ್ದರೂ, ಮೂವತ್ತು ವರ್ಷದಿಂದ ಎಲೆ, ಹಾಲಿನ ಪ್ಯಾಕೆಟ್, ಜೀನ್ಸ್ ಹೊಲಿಯುವವರ ಮನೆಯಿಂದ ತಂದ ಬಟ್ಟೆಚೂರು, ಎಲ್ಲವನ್ನೂ ಬೆಳಿಗ್ಗೆ ಹಿತ್ತಲಲ್ಲಿ ಸುಡುವುದು ನನ್ನ ರೂಢಿ. ಸುಡುವ ಜಾಗಕ್ಕೂ ಮಹಡಿ ಮೆಟ್ಟಿಲಿಗೂ ಹನ್ನೆರಡು ಅಡಿ. ಹೊಗೆ ನೇರ ಆಕೆಯ ಕೋಣೆಗೇ ಹೋಗುತ್ತಿತ್ತು. ಆಕೆ ಒಂದು ದಿನವೂ ಬಾಯಿ ಬಿಡಲಿಲ್ಲ. ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು, ಅಷ್ಟೇ.

ಮಾರ್ಚ್ ೨೦೨೪ರಿಂದ ನಾನು ಪ್ಲಾಸ್ಟಿಕ್ಕು, ಬಟ್ಟೆ ಸುಡುವುದನ್ನು ಬಿಟ್ಟಿದ್ದೇನೆ. ಬಿಡಿಸಿದವರು ಆಕೆಯ ತಾಯಿ, ಜಪಾನಿನಲ್ಲಿ ಇದ್ದುಕೊಂಡೇ. ಅದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಸ್ನಾನದ ನೀರೊಲೆಗೆ ಕಾಗದ ಮತ್ತು ಪುಳ್ಳೆ ಮಾತ್ರ ಹಾಕುತ್ತೇನೆ. ಕಿಯೊಮಿ ತನ್ನ ಬೇಡದ ಕಾಗದಗಳನ್ನು ಅಂಚು ಸರಿಮಾಡಿ, ಬಿಳಿ ದಾರದಿಂದ ಅಡ್ಡಕ್ಕೂ ಉದ್ದಕ್ಕೂ ಕಟ್ಟಿ, ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ ಇಡುತ್ತಾಳೆ. ಬಿಳಿ ದಾರದ ಕಟ್ಟು ಮೂರನೇ ಮೆಟ್ಟಿಲ ಮೇಲಿದ್ದರೆ ಅದು ಅಮ್ಮನ ಒಲೆಗೆ ಎಂದು ಅರ್ಥ. ದಾರವನ್ನು ನಾನು ಬಿಚ್ಚಿ ಬಚ್ಚಲ ಮೊಳೆಗೆ ಹಾಕುತ್ತೇನೆ, ಆಕೆ ತಿರುಗಿ ಒಯ್ಯುತ್ತಾಳೆ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ನಿನ್ನೆ ದಿನಾಂಕ ೧೩-೧೧-೨೦೨೫ರಂದು ಬೆಳಿಗ್ಗೆ ೯-೩೦ಕ್ಕೆ ನಾನು ನೇತ್ರಾಳ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿರುತ್ತೇನೆ. ಸಂಜೆ ೭-೫೦ಕ್ಕೆ ಮನೆಗೆ ವಾಪಸ್ಸಾದೆ. ಮೂರನೇ ಮೆಟ್ಟಿಲ ಮೇಲೆ ಬಿಳಿ ದಾರದ ಕಟ್ಟು ಇತ್ತು. ಮಹಡಿಯಲ್ಲಿ ದೀಪ ಉರಿಯುತ್ತಿತ್ತು. ಆಕೆಗೆಂದು ಗುಗ್ಗರಿ ತಂದಿದ್ದೆ. ಮೇಲೆ ಹತ್ತಿ ಕೊಟ್ಟು ಬರೋಣ ಎಂದುಕೊಂಡವಳು ಮೊಣಕಾಲು ನೋವಿನಿಂದ ನಾಳೆ ಕೊಟ್ಟರಾಯಿತು ಎಂದು ಮುಚ್ಚಿಟ್ಟೆ. ನಮ್ಮ ಮನೆಗೆ ಹನ್ನೊಂದು ಮೆಟ್ಟಿಲು. ನಾನು ಹತ್ತಲಿಲ್ಲ. ಇದನ್ನು ಬಿಡದೆ ಬರೆದುಕೊಳ್ಳಬೇಕೆಂದು ಕೋರಿರುತ್ತೇನೆ.

ಈ ದಿನ ಬೆಳಿಗ್ಗೆ ೫-೫೦ಕ್ಕೆ ಎದ್ದು ಕಟ್ಟನ್ನು ಬಚ್ಚಲಿಗೆ ಒಯ್ದು, ದಾರ ಬಿಚ್ಚಿ ಮೊಳೆಗೆ ಹಾಕಿ, ಕಾಗದಗಳನ್ನು ನೀರೊಲೆಗೆ ಹಾಕಿ ಹಚ್ಚಿರುತ್ತೇನೆ. ಕನ್ನಡಕ ಹಾಕಿಕೊಂಡಿರಲಿಲ್ಲ. ಹಾಕಿಕೊಂಡಿದ್ದರೂ ಆ ದೇಶದ ಅಕ್ಷರವೆಲ್ಲ ನನಗೆ ಒಂದೇ. ತೆಳ್ಳನೆಯ ಕಾಗದ. ಚೆನ್ನಾಗಿ ಉರಿಯಿತು, ಹೊಗೆ ಬರಲಿಲ್ಲ. ಒಳ್ಳೆಯ ಕಾಗದ ಕೊಟ್ಟಿದ್ದಾಳೆ ಎಂದು ಮನಸ್ಸಿನಲ್ಲಿ ಹೊಗಳಿದೆ ಕೂಡ.

೬-೨೫ಕ್ಕೆ ಕಿಯೊಮಿ ಕೆಳಗೆ ಬಂದಳು. ಕಣ್ಣು ಬಾತಿದ್ದವು. "ಅಮ್ಮಾ, ನಮ್ಮವ್ವ ನಿನ್ನೆ ಹೋದ್ಲು. ನಿದ್ದಿಯೊಳಗ ಹೋಗ್ಯಾಳಂತ," ಎಂದಳು. ನಾನು ಆಕೆಯನ್ನು ತಬ್ಬಿಕೊಂಡೆ. ಆಗ ಆಕೆ ಹೇಳಿದ್ದೇನೆಂದರೆ, ಸುದ್ದಿ ಬಂದ ಕೂಡಲೇ ತಾಯಿಯ ಪತ್ರಗಳನ್ನು ಹಿಡಿದು ನನ್ನ ಹತ್ತಿರ ಬಂದಳಂತೆ. ನಾನು ಊರಲ್ಲಿರಲಿಲ್ಲ. ಸಂಜೆಯವರೆಗೆ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳಂತೆ. ವಿಮಾನದ ಟಿಕೆಟ್ಟಿನ ಬಗ್ಗೆ ಫೋನ್ ಬಂದದ್ದಕ್ಕೆ ಮೇಲೆ ಓಡಿದವಳು ರಾತ್ರಿಯೆಲ್ಲ ಫೋನಿನಲ್ಲೇ ಇದ್ದು ಕೆಳಗಿಳಿಯಲಿಲ್ಲವಂತೆ. "ಪತ್ರ ಅಲ್ಲೇ ಇಟ್ಟಿದ್ದೆ. ನಿಮ್ಮ ಕೂಡ ಕುಂತು ಓದಬೇಕಂತ. ತಗದಿಟ್ಟೀರೇನ್ರಿ?" ಎಂದು ಕೇಳಿದಳು.

ನಾನು ಕೈಯಿಂದ ಬಚ್ಚಲ ಕಡೆ ತೋರಿಸಿರುತ್ತೇನೆ.

ಆಕೆ ಹೋಗಿ ಒಲೆಯ ಮುಂದೆ ಕುಳಿತಳು. ಬೂದಿಯಲ್ಲಿ ಕೈ ಇಡಲು ಹೋದಳು, ನಾನು ಹಿಡಿದುಕೊಂಡೆ. ಸುಟ್ಟ ಪತ್ರಗಳು ಒಟ್ಟು ಇಪ್ಪತ್ಮೂರು. ಆ ತಾಯಿಯ ಕೈಬರಹ ಆಕೆಯ ಹತ್ತಿರ ಇನ್ನೊಂದಿಲ್ಲ. ಕಾಗದ ಕಟ್ಟುವುದನ್ನು ಮಗಳಿಗೆ ಕಲಿಸಿದವರು ಅವರೇ ಆದ್ದರಿಂದ, ಬೇಡದ ಕಾಗದಕ್ಕೂ ತಾಯಿಯ ಪತ್ರಕ್ಕೂ ಆಕೆಗೆ ಬರುವುದು ಒಂದೇ ಗಂಟು. ಆಮೇಲೆ ಆಕೆ, "ನೀರು ಕಾದಾವೇನ್ರಿ?" ಎಂದು ಕೇಳಿದಳು. ಕಾದಿವೆ ಎಂದೆ. "ಹಂಗಾರ ನಾ ಅದರಾಗ ಜಳಕ ಮಾಡ್ತೀನ್ರಿ," ಎಂದಳು. ಸಾವಿನ ಸುದ್ದಿ ಕೇಳಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅದನ್ನು ಆಕೆ ರಾರಾವಿಯಲ್ಲಿ ನೋಡಿದ್ದಳೋ ಏನೋ. ನಾನೇ ಚೊಂಬಿನಿಂದ ನೀರು ಹಾಕಿದೆ. ಹಂಡೆ ಖಾಲಿಯಾಗುವವರೆಗೆ ಹಾಕಿದೆ. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಬೈದಿದ್ದರೆ ನಾನು ಈ ಠಾಣೆಗೆ ಬರುತ್ತಿರಲಿಲ್ಲ.

೮-೩೦ಕ್ಕೆ ಕುರುಗೋಡಿಗೆ ಕೊಟ್ಟ ನನ್ನ ಮಗಳು ರಶ್ಮಿ ಫೋನಿನಲ್ಲಿ, ಇಂಥದ್ದಕ್ಕೆ ಯಾರಾದರೂ ಪೊಲೀಸರ ಹತ್ತಿರ ಹೋಗುತ್ತಾರೆಯೇ, ಸುಮ್ಮನಿರು ಎಂದು ಹೇಳಿದಳು. ನಾನು ಫೋನ್ ಇಟ್ಟು ಬಂದಿರುತ್ತೇನೆ. ಗಾದಿಲಿಂಗ ಅವರೂ ಮೊದಲು, "ಇದು ಯಾವ ಕಲಮಿನಾಗೂ ಬರಂಗಿಲ್ಲಮ್ಮಾ, ಮನಿಗೆ ಹೋಗ್ರಿ," ಎಂದರು. ಕಲಮು ಹುಡುಕುವುದು ನಿಮ್ಮ ಕೆಲಸ, ಹೇಳುವುದು ನನ್ನ ಕೆಲಸ ಎಂದು ನಾನು ಬೆಂಚಿನ ಮೇಲೆ ಕುಳಿತೆ. ನನ್ನ ಗಂಡ ಮೂವತ್ತೊಂದು ವರ್ಷ ಕೋರ್ಟಿನ ದಾಖಲೆ ಕೋಣೆಯಲ್ಲಿ ಜವಾನರಾಗಿದ್ದರು. ಠಾಣೆಯಲ್ಲೂ ಕೋರ್ಟಿನಲ್ಲೂ ಬರೆದ ಕಾಗದವನ್ನು ಯಾರೂ ಸುಮ್ಮಸುಮ್ಮನೆ ಸುಡುವಂತಿಲ್ಲ ಎಂದು ಅವರು ಹೇಳುತ್ತಿದ್ದರು. ಕಿಯೊಮಿ ಈ ದಿನ ಮಧ್ಯಾಹ್ನ ೨ ಗಂಟೆಗೆ ಕಾರಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ತನ್ನ ದೇಶಕ್ಕೆ ಹೊರಡುತ್ತಾಳೆ. ಬರಿಗೈಯಲ್ಲಿ ತಾಯಿಯ ಮುಂದೆ ಹೋಗಬಾರದು. ಆ ಪತ್ರಗಳಲ್ಲಿ ಒಂದೊಂದನ್ನೂ ಅದು ಬಂದ ದಿನವೇ ಸಂಜೆ ೪-೩೦ಕ್ಕೆ ಮೆಟ್ಟಿಲ ಮೇಲೆ ಕುಳಿತು ಆಕೆ ನನಗೆ ನಮ್ಮ ಮಾತಿನಲ್ಲಿ ಓದಿ ಹೇಳಿದ್ದಾಳೆ. ಸುಟ್ಟದ್ದರಲ್ಲಿ ನನಗೆ ನೆನಪಿರುವುದನ್ನು ಮರೆಯುವ ಮೊದಲು ಹೇಳಬೇಕೆಂದೇ ಬಂದಿದ್ದೇನೆ. ಅದು ಹೀಗಿದೆ.

ತಾಯಿಯ ಹೆಸರು ಫುಮಿ, ವಯಸ್ಸು ೭೧. ನಾನು ಫುಮಿಯಮ್ಮ ಎನ್ನುತ್ತೇನೆ. ಮೊದಲ ಪತ್ರದಲ್ಲಿ, ಅಲ್ಲಿ ಕಸ ಯಾವ ವಾರ ಒಯ್ಯುತ್ತಾರೆ, ಮೀನಿನ ಮುಳ್ಳು ಎಲ್ಲಿ ಹಾಕುತ್ತೀ ಎಂದು ಮಗಳನ್ನು ಕೇಳಿದ್ದರು. ಕೆಳಗಿನ ಮನೆಯ ಅಮ್ಮ ಎಲ್ಲ ಸುಡುತ್ತಾರೆ ಎಂದು ಈಕೆ ಬರೆದಳು.

ಎರಡನೆಯದರಲ್ಲಿ ತಮ್ಮ ಓಣಿಯ ಸಂಗತಿ ಬರೆದಿದ್ದರು. ಅಲ್ಲಿ ಎಲ್ಲರೂ ಬೆಳಿಗ್ಗೆ ೮ರೊಳಗೆ ಒಂದೇ ಕಡೆ ಕಸದ ಚೀಲ ಇಡಬೇಕು. ಕಾಗೆ ಹರಿಯದಂತೆ ಮೇಲೆ ನೀಲಿ ಬಲೆ ಹೊದಿಸಬೇಕು. ಬಲೆ ಹೊದಿಸುವ ಪಾಳಿ ವಾರಕ್ಕೊಂದು ಮನೆಗೆ. ಫುಮಿಯಮ್ಮನ ಪಾಳಿಯಲ್ಲಿ ಒಬ್ಬ ಗಂಡಸು ತಪ್ಪು ದಿನ ಬಾಟಲಿ ಇಟ್ಟ. ಇವರು ಅದನ್ನು ತಿರುಗಿ ಒಯ್ದು ಅವನ ಬಾಗಿಲಿಗೇ ಇಟ್ಟು, ಎರಡು ತಿಂಗಳು ಅವನೊಡನೆ ಮಾತು ಬಿಟ್ಟರು. ನನಗೆ ಬಹಳ ನಗು ಬಂತು. "ಗಟ್ಟಿ ಹೆಣ್ಣೈತಿ ನಿಮ್ಮವ್ವ. ಇಲ್ಲಿ ಕಾಗಿ ಅಲ್ಲ, ಹಂದಿ. ಹಂದಿಗೆ ಯಾವ ಬಲಿನೂ ತಡ್ಯಂಗಿಲ್ಲ ಅಂತ ಬರಿ," ಎಂದು ಹೇಳಿರುತ್ತೇನೆ. ಅಂದಿನಿಂದ ಪ್ರತಿ ಪತ್ರದ ಕೊನೆಗೆ ಹಂದಿಗಳು ಹೇಗಿವೆ ಎಂದು ಕೇಳುತ್ತಿದ್ದರು.

ಜನವರಿ ೨೦೨೪ರ ಪತ್ರದಲ್ಲಿ ಗಂಡನ ವಿಷಯ ಬಂತು. ಗಂಡ ತೀರಿ ಆಗ ನಾಲ್ಕು ವರ್ಷ. ಅಲ್ಲಿ ಹಳೆ ಬಟ್ಟೆ ಒಯ್ಯುವುದು ತಿಂಗಳ ಎರಡನೇ ಶನಿವಾರ. ಪ್ರತಿ ಎರಡನೇ ಶನಿವಾರ ಗಂಡನ ಅಂಗಿಗಳ ಚೀಲವನ್ನು ಬಾಗಿಲವರೆಗೆ ತರುತ್ತೇನೆ, ಗಾಡಿ ಹೋದ ಮೇಲೆ ಒಳಗೆ ಇಡುತ್ತೇನೆ ಎಂದು ಬರೆದಿದ್ದರು. ಆಗ ನಾನು ಯಾರಿಗೂ ಹೇಳದ್ದನ್ನು ಹೇಳಿ ಬರೆಸಿದೆ. ನಮ್ಮ ಯಜಮಾನರು ತೀರಿದ ಮೇಲೆ ಅವರ ಹಾಸಿಗೆ, ಬಟ್ಟೆ ಎಲ್ಲ ಹೊರಗೆ ಹಾಕಿ ಸುಟ್ಟರು. ಒಂದು ಟವೆಲ್ಲನ್ನು ಮಾತ್ರ ನಾನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡಿದ್ದೇನೆ. ಫುಮಿಯಮ್ಮ ಅದು ಯಾವ ಬಣ್ಣದ್ದು ಎಂದು ಕೇಳಿದರು. ಬಿಳಿ, ಕೆಂಪು ಅಂಚು ಎಂದು ತಿಳಿಸಿದೆ. ಮುಂದಿನ ಪತ್ರದಲ್ಲಿ, ಒಂದು ಬೂದು ಅಂಗಿ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಗಾಡಿಗೆ ಹಾಕಿದೆ ಎಂದು ಬರೆದಿದ್ದರು. "ನಿಮ್ಮ ಟವೆಲ್, ನಮ್ಮ ಅಂಗಿ, ಎರಡೂ ಇರ್ಲಿ ಅಂತ ಬರದಾಳ್ರಿ," ಎಂದು ಕಿಯೊಮಿ ಓದಿದ್ದಳು. ಗಾದಿಲಿಂಗ ಅವರು ಇಲ್ಲಿ ಪೆನ್ನು ಇಟ್ಟು ಹೊರಗೆ ಹೋಗಿ ನೀರು ಕುಡಿದು ಬಂದಿರುತ್ತಾರೆ.

ಮಾರ್ಚ್ ೨೦೨೪ರ ಪತ್ರ ನನಗೇ ಬರೆದದ್ದು. ನನ್ನ ಮಗಳು ಬಾಯಿ ಬಿಟ್ಟು ಹೇಳುವುದಿಲ್ಲ, ಕಿಟಕಿ ಮುಚ್ಚುತ್ತಾಳೆ ಎಂದು ಫುಮಿಯಮ್ಮ ಬರೆದಿದ್ದರು. ಅವಳಿಗೆ ಮುಚ್ಚಲು ಕಿಟಕಿಯಾದರೂ ಇದೆ, ನೀವು ಹೊಗೆಯ ಪಕ್ಕದಲ್ಲೇ ನಿಲ್ಲುತ್ತೀರಿ, ನಿಮ್ಮ ಕಣ್ಣು ಉರಿಯುವುದಿಲ್ಲವೇ, ಪ್ಲಾಸ್ಟಿಕ್ ಸುಡಬೇಡಿ, ಬೇಕಾದರೆ ಕಾಗದ ಮಾತ್ರ ಸುಡಿ ಎಂದಿತ್ತು. ನನಗೆ ಸಿಟ್ಟು ಬಂತು. ನನ್ನ ಹಿತ್ತಲ ಕಸಕ್ಕೆ ಸಮುದ್ರದಾಚೆಯಿಂದ ಬುದ್ಧಿ ಹೇಳುವವರು ಇವರ್ಯಾರು ಎಂದು ಮೂರು ದಿನ ಕಿಯೊಮಿಯನ್ನು ಮಾತನಾಡಿಸಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ಕನ್ನೆಲ್ಲ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಟ್ಟೆ. ಗಾಡಿಯ ಜೊತೆ ಬರುವ ಮೂಕಮ್ಮ, "ಏನಮ್ಮಾ, ಇವತ್ತು ಹೊತ್ತು ಎತ್ತಾಗ ಹುಟ್ಟೈತಿ?" ಎಂದಳು. ನಿಜ ಹೇಳಬೇಕೆಂದರೆ, ಮೂವತ್ತು ವರ್ಷದಲ್ಲಿ ನನ್ನ ಕಣ್ಣು ಉರಿಯುತ್ತದೆಯೇ ಎಂದು ಕೇಳಿದವರು ಅವರೊಬ್ಬರೇ.

ಆಮೇಲಿನವುಗಳಲ್ಲಿ ಮೂಲಂಗಿ ಉಪ್ಪಿನಕಾಯಿಯದು ಒಂದಿತ್ತು, ಎಷ್ಟು ದಿನ ಇಡಬೇಕೆಂದಿದ್ದರೋ ಮರೆತಿದ್ದೇನೆ. ಮೊಣಕಾಲು ನೋವಿನ ಬಗ್ಗೆ ಎರಡಿದ್ದವು. ಹತ್ತನೆಯದರಿಂದ ಹದಿನಾಲ್ಕನೆಯದರವರೆಗೆ ಒಂದಕ್ಕೊಂದು ಕಲೆತು ಹೋಗಿವೆ. ಇಲ್ಲದ್ದನ್ನು ಕೂಡಿಸಿ ಹೇಳುವುದಿಲ್ಲ.

ಕೊನೆಯ ಪತ್ರ ದಿನಾಂಕ ೨೯-೧೦-೨೦೨೫ರಂದು ಬಂತು. ಈ ಸಲ ಬಲೆ ಭಾರವೆನಿಸಿತು, ಪಕ್ಕದ ಮನೆಯವಳು ಒಂದು ಕಡೆ ಹಿಡಿದಳು ಎಂದಿತ್ತು. ಕೊನೆಗೆ, ನಿಮ್ಮ ಕಣ್ಣುರಿ ಈಗ ಕಡಿಮೆಯಾಗಿದೆಯೇ, ಸುಳ್ಳು ಹೇಳಬೇಡಿ ಎಂದು ಕೇಳಿದ್ದರು. ಅಂದೇ ಉತ್ತರ ಬರೆಯೋಣ ಎಂದಳು ಕಿಯೊಮಿ. "ತಡಿ ಯವ್ವಾ, ತೊಟ್ಟಿಲ ಆಗ್ಲಿ, ಕೂಸಿನ ಹೆಸರೂ ಕೂಡಿಸಿ ಬರಿಯೋಣು," ಎಂದು ನಾನೇ ಹದಿನೈದು ದಿನ ಮುಂದೆ ಹಾಕಿರುತ್ತೇನೆ. ಪತ್ರ ಸುಟ್ಟದ್ದು ನನಗೆ ತಿಳಿಯದೆ ಮಾಡಿದ ತಪ್ಪು. ಇದು ತಿಳಿದೂ ಮಾಡಿದ್ದು.

೧೧-೧೦ಕ್ಕೆ ಕಿಯೊಮಿ ನನ್ನನ್ನು ಹುಡುಕಿಕೊಂಡು ಠಾಣೆಗೆ ಬಂದಳು. ಗಾದಿಲಿಂಗ ಅವರು ಇಲ್ಲಿಯವರೆಗಿನದನ್ನು ಆಕೆಯ ಮುಂದೆ ಓದಿ ಹೇಳಿದರು. ಬಾಟಲಿ ಇಟ್ಟ ಗಂಡಸಿನ ಕಡೆ ಬಂದಾಗ ಆಕೆ ನಕ್ಕಳು, ನಗುತ್ತಲೇ ಅತ್ತಳು. ಬೆಳಗಿನಿಂದ ನನ್ನ ಮುಂದೆ ಅತ್ತಿರಲಿಲ್ಲ. ಒಂದು ತಿದ್ದುಪಡಿ ಹೇಳಿದಳು. ಆ ಮನುಷ್ಯ ಮೊನ್ನೆ ತಾಯಿಯ ಮುಂದೆ ಮೊದಲಿಗನಾಗಿ ಹೂವು ತಂದಿಟ್ಟನಂತೆ, ಅದನ್ನೂ ಸೇರಿಸಿರಿ ಎಂದಳು. ತಾರೀಖು ಕೇಳಿದ್ದಕ್ಕೆ ಮೊನ್ನೆ ಅಲ್ಲ, ನಿನ್ನೆ ಎಂದು ತಾನೇ ಸರಿಪಡಿಸಿದಳು. ಸೇರಿಸಲಾಗಿದೆ.

ನನಗೆ ಶಿಕ್ಷೆ ಇದ್ದರೆ ಕೊಡಬಹುದು. ನಾನು ಕೋರುವುದು ಇಷ್ಟೇ: ಈ ಹೇಳಿಕೆಗೆ ಮೊಹರು ಹಾಕಿ ಒಂದು ನಕಲನ್ನು ೨ ಗಂಟೆಯೊಳಗೆ ಕಿಯೊಮಿಗೆ ಕೊಡಬೇಕು. ಬಚ್ಚಲ ಮೊಳೆಯ ಮೇಲಿನ ಕೊನೆಯ ದಾರವನ್ನು ಹಾಜರುಪಡಿಸಿದ್ದೇನೆ. ನಕಲನ್ನು ಆಕೆಯೇ ಅದರಿಂದ ಕಟ್ಟಿಕೊಳ್ಳಲಿ. ತಾಯಿಯ ಫೋಟೋದ ಮುಂದೆ ಇದನ್ನು ಓದಿ, ಬಾಕಿ ಇರುವ ನನ್ನ ಉತ್ತರವನ್ನೂ ಓದಬೇಕು. ಉತ್ತರವನ್ನು ನಾನು ಹೇಳಿದ ಹಾಗೆಯೇ ಬರೆಯಲು ಗಾದಿಲಿಂಗ ಅವರು ಒಪ್ಪಿರುತ್ತಾರೆ:

"ಫುಮಿಯಮ್ಮಾ, ಕೂಸಿನ ಹೆಸರು ನಂದಿನಿ ಅಂತ ಇಟ್ರು. ಹಂದಿ ಆರಾಮ ಅದಾವು. ಕಣ್ಣುರಿ ಹೋಗೇತ್ರಿ, ಸುಳ್ಳಲ್ಲ. ಇವತ್ತೊಂದು ದಿನ ನೀರು ಬರಾಕತ್ಯಾವು. ಅದು ಹೊಗಿಗಲ್ಲ."

ನೆನಪಿದ್ದದ್ದನ್ನು ನೆನಪಿದ್ದಂತೆ, ಮರೆತದ್ದನ್ನು ಮರೆತೆನೆಂದು ಬರೆಸಿದ್ದೇನೆ. ಓದಿ ಹೇಳಿದ್ದನ್ನು ಪೂರ್ತಿ ಕೇಳಿದ್ದೇನೆ, ಇದರಲ್ಲಿ ನನ್ನದಲ್ಲದ ಮಾತಿಲ್ಲ.

ಸ್ಥಳ: ಬಳ್ಳಾರಿ
ದಿನಾಂಕ: ೧೪-೧೧-೨೦೨೫, ಮಧ್ಯಾಹ್ನ ೧೨-೨೦

(ಸಹಿ) ವೀರಭದ್ರಮ್ಮ
ಬರೆದುಕೊಂಡವರು: (ಸಹಿ) ಗಾದಿಲಿಂಗ, ಹೆಡ್ ಕಾನ್‌ಸ್ಟೇಬಲ್
ನಕಲು ಮತ್ತು ದಾರ ಒಂದು, ಪಡೆದುಕೊಂಡೆ: (ಸಹಿ, ಕನ್ನಡದಲ್ಲಿ) ಕಿಯೊಮಿ, ಫುಮಿಯಮ್ಮನ ಮಗಳು