ಹೆಂಡ್ರಿಕ್ ಹುಡುಕುವ ಬಾಗಿಲು

ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕಿ, ಪೊರಕೆ ಹಿಡಿದು ಬಾಗಿಲ ಮುಂದೆ ಬಂದೆ. ಹಿಂದಿನ ಸಂಜೆ ಲಾರಿಗಳು ಬೀದಿಯ ಕಲ್ಲುಹಾಸಿನ ಮೇಲೆಲ್ಲ ಮರಳು ಸುರಿದು ಹೋಗಿದ್ದವು. ಇವತ್ತು ನಮ್ಮ ಈ ಪುಟ್ಟ ಊರಿನ ಉಂಗುರದ ಹಬ್ಬ. ಬೀದಿಗೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಒಂದು ಸಣ್ಣ ಉಂಗುರ ತೂಗುಹಾಕುತ್ತಾರೆ. ಜೀನಿಲ್ಲದ ಕುದುರೆಯ ಮೇಲೆ ನಾಗಾಲೋಟದಲ್ಲಿ ಬಂದ ಸವಾರ ಅದನ್ನು ಈಟಿಯ ತುದಿಯಿಂದ ಎತ್ತಿಕೊಂಡು ಹೋಗಬೇಕು. ಕುದುರೆಗಳ ಕಾಲು ಜಾರದಿರಲೆಂದು ಈ ಮರಳು.

ಮಗಳು ಶ್ರಾವ್ಯಳ ಬೂಟಿಗೆ ಮೆತ್ತಿಕೊಂಡು ಅದು ಮನೆಯೊಳಗೆ ಬರುವುದು ಬೇಡವೆಂದು ಹೊಸ್ತಿಲಿನಿಂದ ಬೀದಿಯವರೆಗೆ ಒಂದು ಕಾಲುದಾರಿ ಗುಡಿಸುತ್ತಿದ್ದೆ. ಅರ್ಧ ಆಗಿತ್ತೇನೋ, ಎದುರು ಮನೆಯ ಇಂದಿರಮ್ಮ ಸೀರೆಯ ಮೇಲೆ ರೇನ್‌ಕೋಟು ಎಳೆದುಕೊಂಡು ಓಡೋಡಿ ಬಂದರು.

“ನಿಲ್ಸೇ ಮೈಥಿಲಿ! ದಾರಿ ಮಾಡ್ಬೇಡ ಕಣೇ!”

ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು, ಗುಡಿಸಿದ್ದ ಕಡೆಯೆಲ್ಲ ಮರಳು ಎಳೆದು ಮುಚ್ಚಿದರು. ಆಮೇಲೆ ಬೀದಿಯ ಉದ್ದಕ್ಕೆ ಗೆರೆ ಬೀಳುವಂತೆ ಮೆಲ್ಲಗೆ ಸವರಿದರು. ಏಕೆಂದು ಕೇಳುವಷ್ಟರಲ್ಲಿ ಮಳೆ ರಪರಪನೆ ಬಂತು. ಮೆರವಣಿಗೆ ತಡವಾಗುತ್ತದೆಂದು ಮೈಕಿನಲ್ಲಿ ಕೂಗಿದರು. ನಾವಿಬ್ಬರೂ ಒಳಗೆ ಬಂದೆವು.

ಅಡುಗೆಮನೆಯಲ್ಲಿ ಚೇತನ್ ದೋಸೆ ತಿನ್ನುತ್ತಿದ್ದ. ನನ್ನ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗ, ಹಬ್ಬ ನೋಡಲೆಂದು ಲೈಡನ್‌ನಿಂದ ಸೈಕಲ್ ತುಳಿದು ಬಂದಿದ್ದ. ಅವನ ಎದುರಿಗೆ ಕುಳಿತ ಶ್ರಾವ್ಯ ಕಾಗದದ ಗುಲಾಬಿ ಸುತ್ತುತ್ತಿದ್ದಳು. ಕುದುರೆಗಳ ಕೇಸರಕ್ಕೆ ಹೆಣೆಯಲು ಬೀದಿಯ ಪ್ರತಿ ಮನೆಯಿಂದಲೂ ಹೂವು ಕೊಡಬೇಕು.

ಶ್ರಾವ್ಯಳ ಅಪ್ಪ, ಮುರಳೀಧರ, ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಮೇಲೆ ನಾವು ಹಾರ್ಲೆಮ್‌ನ ಮನೆ ಬಿಟ್ಟು, ಲ್ಯಾಬಿಗೆ ಹತ್ತಿರವೆಂದು ಇಲ್ಲಿಗೆ ಬಂದೆವು. ಸಾಮಾನು ಕಟ್ಟಿದ ದಿನದಿಂದ ಮಗುವಿನ ಬಾಯಲ್ಲಿ ಒಂದು ಪ್ರಶ್ನೆ ಸಿಕ್ಕಿಕೊಂಡಿದೆ. ತಲೆ ಬಾಚುವಾಗ, ಮಲಗಿಸುವಾಗ “ಅಮ್ಮಾ” ಎನ್ನುತ್ತಾಳೆ. “ಏನು ಪುಟ್ಟಾ?” ಎಂದರೆ “ಏನಿಲ್ಲ” ಎನ್ನುತ್ತಾಳೆ. ಕೆದಕಬಾರದು, ತಾನಾಗಿಯೇ ಕೇಳಲಿ ಎಂದು ಕಾಯುತ್ತಿದ್ದೇನೆ. ಎಂಟು ವರ್ಷದ ಮಗು ಅದನ್ನು ಒಳಗೇ ಇಟ್ಟುಕೊಂಡು ಎಲ್ಲಿ ಬಾಡಿಹೋಗುತ್ತಾಳೋ ಎಂಬ ಭಯವೂ ಇದೆ.

“ದಾರಿ ಮಾಡಿದ್ರೆ ಏನಾಗುತ್ತೆ ಅಜ್ಜಿ?” ಎಂದ, ಬೀದಿಯ ಕೂಗು ಕೇಳಿಸಿಕೊಂಡಿದ್ದ ಚೇತನ್.

ಇಂದಿರಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಾನು ಈ ಊರಿಗೆ ಬಂದಾಗ ಮೈಥಿಲಿಗಿಂತ ಚಿಕ್ಕೋಳು ಕಣೋ… ಕನ್ನಡದೋರು ಅಂದ್ರೆ ನಾನು, ನಮ್ಮನೆಯವ್ರು, ಅಷ್ಟೇ. ಹಬ್ಬ ಅಂದ್ರು, ಬೀದಿಗೆ ಮರಳು ಹಾಕಿದ್ರು. ಪಕ್ಕದ್ಮನೆ ಕೋರಿ ಅಂತ ಒಬ್ಳು ಮುದುಕಿ, ಅವ್ಳೇ ಬಂದು ನಮ್ಮನೆ ಮುಂದೂ ಹೀಗೇ ಸವರಿ ಹೋದ್ಲು. ಯಾಕೆ ಅಂತ ಹೇಳ್ಲಿಲ್ಲ… ಹೊಸಬ್ರಿಗೆ ಹೇಳಿ ಯಾಕೆ ಹೆದರ್ಸೋದು ಅಂತಿರ್ಬೇಕು. ನಾನೇನ್ ಮಾಡ್ದೆ? ಅಷ್ಟು ನುಣ್ಣಗಿರೋ ಮರಳು, ಹಬ್ಬದ ದಿನ, ಬಾಗ್ಲು ಬೋಳಾಗಿರೋದು ಯಾವ ಹೆಂಗ್ಸಿಗೆ ಸಹಿಸೋಕಾಗುತ್ತೆ ಹೇಳಿ? ಅಕ್ಕಿಹಿಟ್ಟು ತಂದೆ, ಹೊಸ್ತಿಲಿಂದ ಬೀದಿವರ್ಗೂ ದೊಡ್ಡ ಬಳ್ಳಿ ರಂಗೋಲಿ ಎಳೆದೆ… ಬನ್ನಿ ಒಳಗೆ ಅನ್ನೋ ಹಾಗೆ.

“ಮೆರವಣಿಗೇಲಿ ಮೊದ್ಲು ಬರೋ ಕುದುರೆ ಮೇಲೆ ಯಾರೂ ಇರಲ್ಲ, ನೋಡ್ತೀರಿ ನೀವೇ. ಬರೀ ಹಗ್ಗ ಹಿಡ್ಕೊಂಡು ನಡೆಸ್ಕೊಂಡು ಬರ್ತಾರೆ. ಹಿಂದೆ ಸವಾರರು, ವಾದ್ಯದೋರು, ಎಲ್ಲ ಇದ್ರೂ ಈ ಬೀದಿಗೆ ಬಂದಾಗ ಯಾರೂ ಊದಲ್ಲ, ಯಾರೂ ಮಾತಾಡಲ್ಲ. ಅವತ್ತು ಆ ಕುದುರೆ ಬಂತು… ನಮ್ಮನೆ ಮುಂದೆ ನಿಂತ್ಬಿಡ್ತು. ಎಳೆದ್ರು, ತಟ್ಟಿದ್ರು… ಊಹ್ಞೂ. ಕಿವಿ ನಿಮಿರಿಸ್ಕೊಂಡು ನನ್ನ ರಂಗೋಲಿನೇ ನೋಡ್ತಾ ನಿಂತಿತ್ತು. ಗಂಡಸ್ರೆಲ್ಲ ಒಬ್ಬೊಬ್ರಾಗಿ ಟೋಪಿ ತೆಗೆದ್ರು. ಆಮೇಲೆ ಕುದುರೆ ಬೆನ್ನು ಹೀಗೆ ಸ್ವಲ್ಪ ಮೇಲೆದ್ದ ಹಾಗಾಯ್ತು… ಭಾರ ಇಳಿದ್ರೆ ಏಳುತ್ತಲ್ಲ, ಹಾಗೆ… ಹೊರಟೇ ಹೋಯ್ತು.

“ಬಿಸ್ಲು ಇತ್ತು ಅವತ್ತು, ಒಂದು ಹನಿ ಮಳೆ ಇಲ್ಲ. ರಂಗೋಲಿ ಮೇಲೆ ಒದ್ದೆ ಬೂಟಿನ ಗುರುತು. ಒಳಗಡೆ ಹೋಗಿದ್ದು ಮಾತ್ರ.”

ಶ್ರಾವ್ಯಳ ಬೆರಳು ನಿಂತಿತ್ತು. ಸಾಕು ಎಂದು ಇಂದಿರಮ್ಮನಿಗೆ ಕಣ್ಸನ್ನೆ ಮಾಡೋಣವೆನಿಸಿತು. ಆದರೆ ಮಗುವಿನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬೇರೇನೋ ಇತ್ತು.

“ಸಂಜೆ ಕೋರಿ ಬಂದು ಹೇಳಿದ್ಲು. ಹೆಂಡ್ರಿಕ್ ಅಂತ ಅವನ ಹೆಸ್ರು. ಅವಳಜ್ಜಿ ಕಾಲದ ಹುಡುಗ, ಈ ಬೀದಿಯವ್ನೇ. ಹಬ್ಬದ ಬೆಳಗ್ಗೆ ಕುದುರೆಗೆ ಮೈ ತೊಳೆಯೋಕೆ ಕಾಲುವೆಗೆ ಇಳಿದ. ಕುದುರೆ ಈಜಿ ದಡ ಹತ್ತಿತು… ಹುಡುಗ ಸಿಗ್ಲೇ ಇಲ್ಲ. ತಾಯಿ ಬಾಗ್ಲು ತೆಗೆದಿಟ್ಕೊಂಡು ಕಾದ್ಲು, ಕಾದ್ಲು, ಅವಳೂ ಹೋದ್ಲು. ಮನೆ ಕೆಡವಿ ರಸ್ತೆ ಅಗಲ ಮಾಡಿದ್ರು. ಆಮೇಲೆ ಅವನು ಬಂದ. ಬಂದ್ರೆ ಮನೆ ಎಲ್ಲಿದೆ? ಯಾವ ಬಾಗ್ಲು ಅಂತ ತಟ್ಟಬೇಕು ಅವನು? ಅದಕ್ಕೇ ಅವನಿಗೊಂದು ಕುದುರೆ ಬಿಟ್ಟಿದಾರೆ… ಬಾ, ಹಬ್ಬ ಮಾಡು, ವಾಪಸ್ ಹೋಗು ಅಂತ. ಮರಳಲ್ಲಿ ದಾರಿ ಕಂಡ್ರೆ ತನ್ನ ಮನೆನೇ ಅಂದ್ಕೊಂಡು ಇಳಿದ್ಬಿಡ್ತಾನೆ, ಇಳಿದ್ರೆ ಹೋಗಲ್ಲ. ಆ ಮೂಲೆಮನೆಗೆ ಹಿಂದೊಂದ್ಸಲ ಹೋಗಿದ್ದನಂತೆ. ದಿನಾ ಬೆಳಗ್ಗೆ ಮೆಟ್ಟಿಲು ಒದ್ದೆ, ಮನೆತುಂಬ ಕಾಲುವೆ ವಾಸ್ನೆ… ಅವರು ಊರೇ ಬಿಟ್ರು.”

“ನಿಮ್ಮನೇಲಿ ಇಷ್ಟು ವರ್ಷದಿಂದ ಇದ್ರೆ, ಮುನ್ಸಿಪಾಲಿಟಿ ಆಫೀಸಿಗೆ ಹೋಗಿ ನಿಮ್ಮ ಅಡ್ರೆಸ್ಸಿಗೆ ಅವನ ಹೆಸ್ರು ರಿಜಿಸ್ಟರ್ ಮಾಡ್ಸಿದೀರಾ ಅಜ್ಜಿ?” ಎಂದು ಚೇತನ್ ನಕ್ಕ. ಅವನೊಬ್ಬನೇ ನಕ್ಕದ್ದು.

“ನಗಪ್ಪಾ, ನಗು… ನಾವೂ ಊರು ಬಿಡ್ಬೇಕು ಅಂತ ಪೆಟ್ಟಿಗೆ ಕಟ್ಟಿದ್ವಿ. ಮೆಟ್ಟಿಲು ಒರೆಸೋಕೆ ಕೂತಾಗ ನಂಗನ್ನಿಸ್ತು, ಎಲ್ಲಿಗೆ ಅಂತ ಹೋಗೋದು? ನಾವೂ ಮನೆ ಹುಡುಕ್ಕೊಂಡು ಬಂದೋರೇ, ಅವನೂ ಅಷ್ಟೇ. ಇರ್ಲಿ ಬಿಡು ಅಂದೆ. ನಮ್ಮನೆಯವ್ರು ಹೋದ್ಮೇಲೆ ಎಲ್ರೂ ಕೇಳ್ತಾರೆ, ಇಂದಿರಮ್ಮ ಅಷ್ಟು ದೊಡ್ಡ ಮನೇಲಿ ಒಬ್ರೇ ಹೇಗಿರ್ತೀರಿ ಅಂತ. ಏನ್ ಹೇಳ್ಲಿ? ಈಗ ನಾನು ಓಡಿ ಬಂದ್ನಲ್ಲ, ಬಾಗ್ಲು ಹಾಕ್ಕೊಂಡು ಬರೋಕೂ ಪುರುಸೊತ್ತು ಇರ್ಲಿಲ್ಲ… ನೋಡಿ ಹೋಗಿ ಬೇಕಾದ್ರೆ. ಹಾಕಿರುತ್ತೆ.”

ಚೇತನ್ ಕಿಟಕಿಯತ್ತ ತಿರುಗಿದ. ನಾನೂ ತಿರುಗಿದೆ. ಎದುರು ಮನೆಯ ಹಸಿರು ಬಾಗಿಲು ಮುಚ್ಚಿತ್ತು.

ಮಳೆ ಹನಿಯುವುದು ನಿಂತು, ಬೀದಿಯ ತುದಿಯಲ್ಲಿ ಗೊರಸಿನ ಸದ್ದು ಕೇಳಿಸಿತು. ವಾದ್ಯವಿಲ್ಲ, ಮಾತಿಲ್ಲ. ಶ್ರಾವ್ಯ ಕುರ್ಚಿಯಿಂದ ಇಳಿದು ಬಂದು ನನ್ನ ಸ್ವೆಟರಿಗೆ ಮುಖ ಒತ್ತಿದಳು.

“ಅಮ್ಮಾ.”

“ಏನು ಪುಟ್ಟಾ?”

ಈ ಸಲ ಅವಳು ‘ಏನಿಲ್ಲ’ ಎನ್ನಲಿಲ್ಲ. ಗೊರಸಿನ ಸದ್ದು ನಮ್ಮ ಮನೆಯನ್ನು ಸಮೀಪಿಸುವವರೆಗೂ ಕಾದಳು.

“ಅಪ್ಪಂಗೆ ನಾವು ಮನೆ ಚೇಂಜ್ ಮಾಡಿದ್ದು ಗೊತ್ತಾ?”