ಮರಳುದಿಬ್ಬದ ಮೇಲಿನ ಬಿಳಿ ಚುಕ್ಕೆ

ಮಾನ್ಯ ಅಧ್ಯಕ್ಷರೇ, ರಾಡಾರ್ ಕಚೇರಿಯ ಮುಖ್ಯಸ್ಥರೇ, ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಮಾತಾಡುತ್ತಿರುವವರೂ ಸೇರಿದಂತೆ ಎಲ್ಲ ಸಭಿಕರೇ,

ನಾನು ಹೈಸ್ಕೂಲು ಓದಿದವಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ್ದೇನೆ. ಒಂದು ಕಾಗದವೂ ತಪ್ಪು ಮನೆಗೆ ಹೋಗಿಲ್ಲ. ಇವತ್ತು ಸನ್ಮಾನ ನನ್ನ ಸೊಸೆಗೆ. ಅತ್ತೆ ಸೊಸೆಯನ್ನು ಹೊಗಳುವುದು ದಿನಾ ಸಿಗುವ ನೋಟವಲ್ಲ, ಅದಕ್ಕೇ ಸಭಾಂಗಣ ತುಂಬಿದೆ!

ಅವಳ ಕೆಲಸವೇನು? ವಿಮಾನ ಹಾರುತ್ತಾ ಕೆಳಕ್ಕೆ ರಾಡಾರ್ ಅಲೆ ಬಿಡುತ್ತದೆ. ಮರಳಿ ಬಂದ ಸಾವಿರಾರು ಪ್ರತಿಧ್ವನಿಗಳನ್ನು ಕೂಡಿಸಿದರೆ ಚಿತ್ರವಾಗುತ್ತದೆ. ಮಂಜು ಅಡ್ಡ ಬರುವುದಿಲ್ಲ. ಕಷ್ಟವೆಲ್ಲ ಆ ಕೂಡಿಸುವುದರಲ್ಲಿದೆ.

"ಅತ್ತೆ, ಹಳೇ ಲೆಕ್ಕ ಅಂದ್ರೆ ಒಂದೊಂದು ಕಾಗದ ಹಿಡ್ಕೊಂಡು ಊರಿನ ಪ್ರತಿ ಬಾಗಿಲೂ ತಟ್ಟಿದ ಹಾಗೆ. ನಾನು ಮೊದಲು ಬೀದಿವಾರು ಕಟ್ಟು ಕಟ್ತೀನಿ" ಅಂದಿದ್ದಳು.

"ಕಾಗದ ಕಟ್ಟೋದು ನನಗೇ ಹೇಳಿಕೊಡ್ತೀಯಾ?" ಅಂದಿದ್ದೆ.

ಒಂದು ದಿನ ನನ್ನ ಮಗನ ಸರಕು ದೋಣಿ ಮಂಜಿನಲ್ಲಿ ಎಲ್ಲೋ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ದೋಣಿಯಲ್ಲಿ ಇಬ್ಬರೇ, ನನ್ನ ಮಗ ಮತ್ತು ಇಂಜಿನ್ ನೋಡಿಕೊಳ್ಳುವವರು. ಸುದ್ದಿ ಕೇಳಿ ನಾನೂ ಸೊಸೆಯ ಕಚೇರಿಗೆ ಓಡಿದೆ. ಸಮುದ್ರದ ಉಬ್ಬರಕ್ಕೆ ದಿಬ್ಬ ಮುಳುಗಲು ಆರು ಗಂಟೆ ಇದೆ ಎಂದರು. ಹಳೆಯ ಲೆಕ್ಕಕ್ಕೆ ಐದು ಗಂಟೆ ಬೇಕು, ಸೊಸೆಯದಕ್ಕೆ ಅರ್ಧ ಗಂಟೆ.

ವಿಮಾನ ಹಾರಿ ಬಂದಮೇಲೆ ಅವಳು ಮೊದಲು ತೆಗೆದ ಚಿತ್ರ ನೀರು ಬಿದ್ದ ಶಾಯಿಯಂತೆ ಕಲಸಿಹೋಗಿತ್ತು. ವಿಮಾನ ಗೆರೆ ಎಳೆದಂತೆ ನೇರ ಹಾರಿತು ಎಂದು ಲೆಕ್ಕ ಹಿಡಿದಿದ್ದಳು. ಗಾಳಿ ಅದನ್ನು ಓಲಾಡಿಸಿತ್ತು.

"ತಪ್ಪು ಸಿಕ್ತು ಅತ್ತೆ. ಓಲಾಟಾನೂ ಲೆಕ್ಕಕ್ಕೆ ಸೇರಿಸ್ತೀನಿ, ಇನ್ನರ್ಧ ಗಂಟೆ ಕೊಡಿ."

"ನಿನ್ನ ಪ್ರಯೋಗಕ್ಕೆ ನನ್ನ ಮಗನೇ ಬೇಕಾಗಿತ್ತಾ?"

"ನನ್ನ ಗಂಡನೂ ಹೌದು" ಅಂದಳು.

ಲೆಕ್ಕ ಮಾಡುವ ಯಂತ್ರ ಒಂದೇ, ಒಂದು ಸಲಕ್ಕೆ ಒಂದೇ ಲೆಕ್ಕ. ಮಗನ ಪ್ರಾಣದ ಪ್ರಶ್ನೆ ಎಂದು ಮುಖ್ಯಸ್ಥರು ನನ್ನ ಕಡೆ ತಿರುಗಿ, "ತಾಯಿ, ಯಾವುದನ್ನು ಓಡಿಸಲಿ?" ಅಂದರು.

"ಹಳೇದನ್ನೇ" ಅಂದೆ.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದಮೇಲೆ ನುಂಗುವುದು ಹೇಗೆ?

ಎರಡು ಗಂಟೆ ಅದೇ ಓಡಿತು. ಗಾಳಿ ನೀರನ್ನು ಬೇಗ ತಳ್ಳಿಕೊಂಡು ಬರುತ್ತಿದೆ ಎಂದು ಸುದ್ದಿ ಬಂತು. ಸೊಸೆ ಯಾರನ್ನೂ ಕೇಳಲಿಲ್ಲ. ಅದನ್ನು ನಿಲ್ಲಿಸಿ ತನ್ನದನ್ನು ಓಡಿಸಿದಳು. ಪರದೆಯ ಮೇಲೆ ಒಂದೇ ಒಂದು ಬಿಳಿ ಚುಕ್ಕೆ ಮೂಡಿತು. ರಕ್ಷಣಾ ದೋಣಿ ನೇರ ಅಲ್ಲಿಗೇ ಹೋಯಿತು.

ನನ್ನ ಮಗ ಮುಳುಗುತ್ತಿದ್ದ ದೋಣಿಯ ಕಂಬ ತಬ್ಬಿಕೊಂಡಿದ್ದ. ಇಂಜಿನ್ನಿನವರು ಕೈ ಜಾರಿ ನೀರುಪಾಲಾಗಿ ಒಂದು ಗಂಟೆಯಾಗಿತ್ತಂತೆ.

ವರದಿಯಲ್ಲಿ 'ಯಂತ್ರದ ವಿಳಂಬ' ಎಂದು ಬರೆದಿದ್ದಾರೆ. ನನ್ನ ಮರ್ಯಾದೆ ಉಳಿಸಲು ಮುಖ್ಯಸ್ಥರು ಹಾಗೆ ಬರೆದರು. ಸೊಸೆ ಮನೆಯಲ್ಲೂ ತುಟಿ ಬಿಚ್ಚಲಿಲ್ಲ. ಒಂದು ದಿನವಾದರೂ ನನ್ನನ್ನು ಚುಚ್ಚಬಾರದಿತ್ತೇ? ಚುಚ್ಚಲಿಲ್ಲ.

ಮೂರನೇ ಸಾಲಿನಲ್ಲಿ ಇಂಜಿನ್ನಿನವರ ಹೆಂಡತಿ ಕೂತಿದ್ದಾರೆ. ಅಮ್ಮಾ, ಯಂತ್ರ ತಡ ಮಾಡಲಿಲ್ಲ. ತಡ ಮಾಡಿದ್ದು ನಾನು.

ನೀವು ಏಳಬೇಡಿ. ನಾನೇ ಕೆಳಗಿಳಿದು ನಿಮ್ಮ ಹತ್ತಿರ ಬರುತ್ತೇನೆ. ಸಭಿಕರೇ, ನಾನು ನಿಮ್ಮನ್ನು ದಾಟಿ ಹೋಗುವಾಗ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಇಷ್ಟು ಹೊತ್ತು ಕೇಳಿದ್ದಕ್ಕೆ ಋಣಿ. ನಮಸ್ಕಾರ.