ಅಳವಡಿಕೆ ಸೇರಿಲ್ಲ

ನನ್ನ ಹೆಸರು ಸೊಣ್ಣಮ್ಮ, ಲೇಟ್ ಲಕ್ಷ್ಮಯ್ಯನವರ ಪತ್ನಿ, ವಯಸ್ಸು 58 ವರ್ಷ, ಮನೆಗಳನ್ನು ಬಾಡಿಗೆಗೆ ಕೊಟ್ಟು ಜೀವನ, ವಾಸ ಕಲ್ಲುಬಾವಿಪಾಳ್ಯ ಗ್ರಾಮ, ಅತ್ತಿಬೆಲೆ ಹೋಬಳಿ, ಆನೇಕಲ್ ತಾಲ್ಲೂಕು. ಪಂಚಾಯಿತಿಯ ಕ್ಯಾಮೆರಾ ಕಳವಾಗಿದೆ ಎಂಬ ದೂರಿನ ಮೇಲೆ ನನ್ನನ್ನು ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ಕಳೆದ ದೀಪಾವಳಿ ಮುಗಿದ ವಾರ ನಮ್ಮ ಪಂಚಾಯಿತಿಗೆ ನಾಲ್ಕು ಸಿಸಿ ಕ್ಯಾಮೆರಾ ಬಂದವು. ಕಚೇರಿಯಲ್ಲಿ ಜಾಗವಿಲ್ಲವೆಂದು ಪಿಡಿಒ ಹರ್ಷವರ್ಧನ್ ಅವರು ಡಬ್ಬಗಳನ್ನು ನನ್ನ ಖಾಲಿ ಅಂಗಡಿಯಲ್ಲಿ ಇಡಿಸಿದರು. ಎರಡು ದಿನ ಇರ್ಲಿ ಸೊಣ್ಣಮ್ಮೋರೆ ಎಂದರು. ಅಂಗಡಿ ನನ್ನದು, ಬೀಗವೂ ನನ್ನದು. ಸರ್ಕಾರದ ಎರಡು ದಿನ ಎಷ್ಟು ಉದ್ದವೆಂದು ಆಗ ನನಗೆ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದರೂ ಡಬ್ಬ ಬಿಚ್ಚಲಿಲ್ಲ. ಹೋಗಿ ಕೇಳಿದೆ. ಯಾವ ಸಾಮಾನಿಗೆ ಎಷ್ಟು ದರ ಎಂದು ಸರ್ಕಾರ ಕಂಪನಿಯೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ, ಪಂಚಾಯಿತಿಯವರು ಟೆಂಡರ್ ಕರೆಯಬೇಕಿಲ್ಲ, ಪಟ್ಟಿ ನೋಡಿ ತರಿಸಿಕೊಂಡರಾಯಿತು, ನಡುವೆ ಯಾರಿಗೂ ತಿನ್ನಲು ಆಗುವುದಿಲ್ಲ ಎಂದು ಪಿಡಿಒ ಅವರು ವಿವರಿಸಿದರು. ಆ ಮಾತು ನನಗೂ ಸರಿ ಎನಿಸಿತು, ಈಗಲೂ ಸರಿಯೆಂದೇ ಹೇಳುತ್ತೇನೆ. ಆದರೆ ಆ ಒಪ್ಪಂದದಲ್ಲಿ ‘ಸರಬರಾಜು’ ಎಂದಷ್ಟೇ ಇದೆಯಂತೆ, ‘ಅಳವಡಿಕೆ’ ಎಂಬ ಪದ ಇಲ್ಲವಂತೆ. ಕಂಬಕ್ಕೆ ಹಾಕಲು ಬೇರೆ ಟೆಂಡರ್, ಬೇರೆ ಮಂಜೂರಾತಿ. ಕಂಪನಿಯವರದೂ ತಪ್ಪಿಲ್ಲವಂತೆ. ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿ ಬಡಿಸುವವರನ್ನು ಮರೆತರೆ ಅದು ಯಾರ ತಪ್ಪು ಎಂದು ಕೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಫೆಬ್ರವರಿ 11ರಂದು ಸಂಜೆ ಏಳು ಗಂಟೆಗೆ, ನನ್ನ ಬಾಡಿಗೆದಾರಳಾದ ಸಿಂದಗಿ ಕಡೆಯ ನೀಲಾಂಬಿಕಾ ಫ್ಯಾಕ್ಟರಿ ಪಾಳಿ ಮುಗಿಸಿ ಬಸ್ ನಿಲ್ದಾಣದಿಂದ ಬರುತ್ತಿದ್ದಳು. ಎರಡು ಕಾಂಪೌಂಡ್ ಗೋಡೆಗಳ ನಡುವಿನ ಓಣಿಯಲ್ಲಿ ಬೈಕಿನ ಇಬ್ಬರು ಅವಳ ದುಪಟ್ಟಾ ಹಿಡಿದೆಳೆದರು. ಬಿದ್ದು ಮೊಣಕೈ ತರಚಿತು. ಇದೇ ಠಾಣೆಗೆ ನಾನೇ ಅವಳನ್ನು ಕರೆತಂದೆ. ಆ ಓಣಿಯಲ್ಲಿ ಕ್ಯಾಮೆರಾ ಇದೆಯೇ ಎಂದು ಠಾಣೆಯವರು ಕೇಳಿದರು. ಇದೆ, ನನ್ನ ಅಂಗಡಿಯಲ್ಲಿ ಡಬ್ಬದೊಳಗಿದೆ ಎಂದು ಹೇಳಲು ನಾಚಿಕೆಯಾಯಿತು.

ಮಾರನೆಯ ದಿನ ಅವಳು ಬಟ್ಟೆ ಕಟ್ಟುತ್ತಿದ್ದಳು. ಅಮ್ಮಾರ, ನಾ ಊರಿಗೆ ಹೋಗ್ತೀನ್ರಿ, ಒಮ್ಮಿ ಹೋದ್ರ ಮನ್ಯಾಗ ಮತ್ತ ನನ್ನ ಕಳಸಂಗಿಲ್ರಿ ಎಂದಳು. ಪಂಚಾಯಿತಿಯ ನೀರು ಬಿಡುವ ಮುನಿರಾಜುವನ್ನು ಕರೆದು ಒಂದು ಡಬ್ಬ ಬಿಚ್ಚಿಸಿದೆ. ಇದು ಗೋರ್ಮೆಂಟ್ದು ಕಣಕ್ಕ, ನಂಗ್ಯಾಕೆ ತಂದಿಡ್ತೀಯ ಎಂದು ಅವನು ಬೇಡವೆಂದೇ ಹೇಳಿದ. ಬಲವಂತ ಮಾಡಿದವಳು ನಾನು, ಏಣಿ ಹತ್ತಿದ್ದಷ್ಟೇ ಅವನು. ಓಣಿಯ ಬಾಯಿಯ ಕಂಬಕ್ಕೆ ಹಾಕಿಸಿ ನನ್ನ ಅಂಗಡಿಯಿಂದ ಕರೆಂಟ್ ಕೊಟ್ಟೆ. ಅದರಲ್ಲಿ ಏನು ದಾಖಲಾಗುತ್ತದೋ ನನಗೆ ತಿಳಿಯದು. ಬೈಕಿನವರು ಮತ್ತೆ ಬರಲಿಲ್ಲ. ನೀಲಾಂಬಿಕಾ ಗಂಟು ಬಿಚ್ಚಿದಳು.

ಕಳೆದ ವಾರ ಆಡಿಟ್‌ನವರು ಬಂದು ಡಬ್ಬ ಎಣಿಸಿದಾಗ ಒಂದು ಖಾಲಿ ಇತ್ತು. ಪಿಡಿಒ ಅವರು ದಿನವೂ ಆ ಕ್ಯಾಮೆರಾದ ಕೆಳಗೇ ಕಚೇರಿಗೆ ಹೋಗುತ್ತಾರೆ. ಅಲ್ಲೇ ನೇತಾಡ್ತೈತಲ್ಲ ಸಾಮಿ ಎಂದೆ. ನೇತಾಡೋ ಹಂಗಿಲ್ಲಮ್ಮ, ಮಂಜೂರಾತಿ ಬರೋವರ್ಗೂ ಡಬ್ಬದಲ್ಲೇ ಇರ್ಬೇಕು, ನನ್ನ ಕೆಲಸ ಹೋಗುತ್ತೆ ಎಂದು ಹೇಳಿ ಠಾಣೆಗೆ ದೂರು ಕೊಟ್ಟರು. ಅವರ ಮೇಲೆ ಕೋಪವಿದೆ, ಆದರೆ ಅವರು ಕೆಟ್ಟವರಲ್ಲ.

ಈಗ ಕ್ಯಾಮೆರಾವನ್ನು ಬಿಚ್ಚಿ ಜಪ್ತಿ ಮಾಡಬೇಕೆಂದು ಪಿಎಸ್‌ಐ ಆಶಾರಾಣಿ ಮೇಡಂ ಅವರು ತಿಳಿಸಿರುತ್ತಾರೆ. ಜಪ್ತಿ ಮಾಡಲಿ. ಆದರೆ ಠಾಣೆಯ ಸೀಲನ್ನು ಆ ಕಂಬದ ಮೇಲೆಯೇ ಹಾಕಿ, ಅದನ್ನು ಇದ್ದಲ್ಲೇ ಇರಿಸಬೇಕೆಂದು ಕೋರುತ್ತೇನೆ. ನೀಲಾಂಬಿಕಾ ಇಂದೂ ಏಳಕ್ಕೇ ಆ ಓಣಿಯಲ್ಲಿ ಬರುತ್ತಾಳೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಎಲ್ಲವೂ ನಿಜ. ಓದಿ ಹೇಳಿದಾಗ ಒಂದು ಕಡೆ ‘ಕಳವು’ ಎಂದಿತ್ತು. ಅದನ್ನು ಹೊಡೆದುಹಾಕಿಸಿ ‘ಅಳವಡಿಕೆ’ ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19-05-2025
(ಸಹಿ) ಸೊಣ್ಣಮ್ಮ